ಅಂಕೋರ್ ವಾಟ್‌ಗೆ ಹೋಗೋರಿಗೆ: ವೀಸಾ, ಟಿಕೆಟ್, ಬಟ್ಟೆ, ಆಮೇಲೆ ಒಳಗೆ ಹೋದ್ಮೇಲೆ ಯಾವ ಕಡೆ ತಿರುಗಬೇಕು ಅನ್ನೋದು

ಕಾಂಬೋಡಿಯಾದ ಹಳೇ ದೇವಸ್ಥಾನ ಅಂಕೋರ್ ವಾಟ್‌ಗೆ ಈಗ ನಮ್ಮ ಕಡೆಯಿಂದಾನೂ ಜನ ಹೋಗ್ತಾರೆ, ಬ್ಯಾಂಕಾಕ್ ಇಲ್ಲಾ ವಿಯೆಟ್ನಾಂ ಟ್ರಿಪ್ ಜೊತೆ ಎರಡು ದಿನ ಸೇರಿಸ್ಕೊಂಡು ಹೋಗಿಬರೋರೇ ಜಾಸ್ತಿ. ಹೋದೋರಲ್ಲಿ ತುಂಬಾ ಜನ ಮಾಡೋದು ಏನಂದ್ರೆ ಬೆಳಗಿನ ಜಾವ ಎದ್ದು ಕೊಳದ ಮುಂದೆ ನಿಂತು ಸೂರ್ಯೋದಯದ ಫೋಟೋ ತೆಗೆಯೋದು, ಒಳಗೆ ಬೇಗ ಬೇಗ ಒಂದು ಸುತ್ತು, ಮೇಲೆ ಹತ್ತಿ ಇಳಿಯೋದು, ಒಂಬತ್ತಕ್ಕೆಲ್ಲ ಮುಂದಿನ ದೇವಸ್ಥಾನ. ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷಯ. ಯಾಕಂದ್ರೆ ಆ ಗೋಡೆಗಳ ಮೇಲೆ ಇರೋದು ಕುರುಕ್ಷೇತ್ರ, ಲಂಕಾ ಯುದ್ಧ, ಸಮುದ್ರ ಮಥನ, ಯಮಲೋಕ. ಬೇರೆ ದೇಶದಿಂದ ಬಂದೋರಿಗೆ ಭೀಷ್ಮ ಅಂದ್ರೆ ಯಾರು ಅನ್ನೋದರಿಂದ ಗೈಡ್ ಶುರು ಮಾಡಬೇಕು, ನಾವು ಹರಿಕಥೆ, ಯಕ್ಷಗಾನ, ಅಜ್ಜಿ ಹೇಳಿದ ಕಥೆ ಅಂತ ಕೇಳ್ಕೊಂಡೇ ಬೆಳೆದೋರು, ಗೋಡೆ ಮುಂದೆ ನಿಂತ್ರೆ ಸಾಕು ಯಾರು ಯಾರು ಅಂತ ಗೊತ್ತಾಗಿಬಿಡತ್ತೆ. ಅದಕ್ಕೇ ಈ ಗೈಡ್‌ನಲ್ಲಿ ವೀಸಾ ಟಿಕೆಟ್ ವಿಷಯ ಬೇಗ ಮುಗಿಸಿ ಗೋಡೆಗಳ ಬಗ್ಗೆ ಜಾಸ್ತಿ ಬರೀತಿದೀನಿ.

ಮೊದಲು ಹೋಗೋದು ಹೆಂಗೆ ಅಂತ

ಭಾರತದ ಪಾಸ್‌ಪೋರ್ಟ್ ಇರೋರಿಗೆ ಟೂರಿಸ್ಟ್ ವೀಸಾ ಆನ್‌ಲೈನ್‌ನಲ್ಲೂ ಸಿಗತ್ತೆ, ಅಲ್ಲಿ ಇಳಿದ ಮೇಲೆ ಏರ್‌ಪೋರ್ಟ್‌ನಲ್ಲೂ ಸಿಗತ್ತೆ, ಫೀಸು 30 ಡಾಲರ್ ಆಸುಪಾಸು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ವ್ಯಾಲಿಡಿಟಿ ಇರಬೇಕು. ಇದರ ಜೊತೆ ಇ-ಅರೈವಲ್ ಅಂತ ಒಂದು ಫಾರ್ಮ್ ಇದೆ, ಹೊರಡೋ ಮುಂಚಿನ ಒಂದು ವಾರದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ವೀಸಾಗೂ ಈ ಫಾರ್ಮ್‌ಗೂ ಸರ್ಕಾರದ್ದೇ ಥರ ಕಾಣೋ ಡೂಪ್ಲಿಕೇಟ್ ವೆಬ್‌ಸೈಟ್‌ಗಳು ಇವೆ, ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನ ಕ್ಲಿಕ್ ಮಾಡ್ಬೇಡಿ, ಅಡ್ರೆಸ್ ಸರಿಯಾಗಿ ನೋಡಿ. ಫ್ರೀ ಫಾರ್ಮ್‌ಗೆ ದುಡ್ಡು ಕೇಳಿದ್ರೆ ಅಲ್ಲೇ ಕ್ಲೋಸ್ ಮಾಡಿ.

ದೇವಸ್ಥಾನ ಇರೋದು ಸಿಯೆಮ್ ರೀಪ್ ಅನ್ನೋ ಊರಿನ ಪಕ್ಕದಲ್ಲಿ, ರಾಜಧಾನಿ ನಾಮ್ ಪೆನ್‌ನಲ್ಲಿ ಅಲ್ಲ. ಬೆಂಗಳೂರಿಂದ ಹೊರಡೋರು ಸಾಮಾನ್ಯವಾಗಿ ಬ್ಯಾಂಕಾಕ್, ಕೌಲಾಲಂಪುರ್ ಇಲ್ಲಾ ಸಿಂಗಾಪುರದಲ್ಲಿ ಫ್ಲೈಟ್ ಬದಲಾಯಿಸ್ಕೊಂಡು ಹೋಗ್ತಾರೆ. 2023ರ ಅಕ್ಟೋಬರ್‌ನಲ್ಲಿ ಹೊಸ ಏರ್‌ಪೋರ್ಟ್ ಶುರುವಾಯ್ತು, ಹಳೇದು ಊರಿಗೆ ಅಂಟಿಕೊಂಡಂಗಿತ್ತು, ಇದು ತುಂಬಾ ದೂರ, ಊರು ಸೇರೋಕೆ ಒಂದು ಗಂಟೆ ಬೇಕು. ಹಳೇ ಬ್ಲಾಗ್ ಓದ್ಕೊಂಡು ಹತ್ತು ನಿಮಿಷದಲ್ಲಿ ಹೋಟೆಲ್ ಅಂತ ಪ್ಲಾನ್ ಹಾಕ್ಬೇಡಿ. ಮುಂಚೆ ಥಾಯ್ಲೆಂಡ್‌ನಿಂದ ಬಸ್‌ನಲ್ಲಿ ಗಡಿ ದಾಟಿ ಬರೋರು ಬಹಳ ಇದ್ರು, 2025ರಲ್ಲಿ ಎರಡೂ ದೇಶಕ್ಕೆ ಜಗಳ ಆಗಿ ಗಡಿ ಮುಚ್ಚಿದ್ರು, ಹಾಗಾಗಿ ರಸ್ತೆ ದಾರಿ ನಂಬ್ಕೊಂಡು ಟಿಕೆಟ್ ಬುಕ್ ಮಾಡೋಕೆ ಮುಂಚೆ ಆಗಿನ ಪರಿಸ್ಥಿತಿ ಏನು ಅಂತ ವಿಚಾರಿಸಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಟೈಮು, ಮಳೆ ಇರಲ್ಲ, ಬಿಸಿಲೂ ತಡ್ಕೊಳ್ಳೋ ಹಾಗಿರತ್ತೆ. ಏಪ್ರಿಲ್ ಬಿಸಿಲು ಭಯಂಕರ, ಆ ಕಲ್ಲಿನ ಅಂಗಳದಲ್ಲಿ ಮಧ್ಯಾಹ್ನ ನಡೆಯೋಕೇ ಆಗಲ್ಲ. ಆದ್ರೂ ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ ಬರತ್ತೆ, ನಮ್ಮ ಮಂಗಳೂರು ಉಡುಪಿ ಕಡೆ ಬಿಸು ಮಾಡೋ ಅದೇ ಸಮಯಕ್ಕೆ, ಊರಿಗೆ ಊರೇ ಹಬ್ಬದಲ್ಲಿರತ್ತೆ. ಹಬ್ಬ ನೋಡಬೇಕು ಅಂದ್ರೆ ಆಗ ಹೋಗಿ, ಶಿಲ್ಪ ನೋಡಬೇಕು ಅಂದ್ರೆ ಚಳಿಗಾಲದಲ್ಲಿ ಹೋಗಿ.

ದುಡ್ಡಿನ ವಿಷಯ. ಅಲ್ಲಿ ಎಲ್ಲ ಕಡೆ ಅಮೆರಿಕನ್ ಡಾಲರ್ ನಡೆಯತ್ತೆ, ಚಿಲ್ಲರೆ ಮಾತ್ರ ಅವರ ರಿಯಲ್‌ನಲ್ಲಿ ಕೊಡ್ತಾರೆ, ಒಂದು ಡಾಲರ್‌ಗೆ ಹತ್ತಿರ ಹತ್ತಿರ 4000 ರಿಯಲ್. ನೋಟು ಚೂರು ಹರಿದಿದ್ರೂ, ಇಂಕ್ ಕಲೆ ಇದ್ರೂ ತಗೊಳ್ಳಲ್ಲ. ಇಲ್ಲಿ ಎಕ್ಸ್‌ಚೇಂಜ್ ಮಾಡಿಸುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ, 1, 5, 10ರ ನೋಟು ಜಾಸ್ತಿ ಇಟ್ಕೊಳ್ಳಿ.

ಟಿಕೆಟ್

ಟಿಕೆಟ್ ದೇವಸ್ಥಾನದ ಬಾಗಿಲಲ್ಲಿ ಸಿಗಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಊರಿಂದ ದೇವಸ್ಥಾನಕ್ಕೆ ಹೋಗೋ ಮುಂಚೆ ಅಂಕೋರ್ ಎಂಟರ್‌ಪ್ರೈಸ್ ಅವರ ದೊಡ್ಡ ಟಿಕೆಟ್ ಆಫೀಸ್ ಇದೆ, ಅಲ್ಲಿ ನಿಮ್ಮ ಫೋಟೋ ತೆಗೆದು ಅದನ್ನೇ ಟಿಕೆಟ್ ಮೇಲೆ ಪ್ರಿಂಟ್ ಮಾಡಿ ಕೊಡ್ತಾರೆ. ಅವರದ್ದೇ ವೆಬ್‌ಸೈಟ್‌ನಲ್ಲೂ ತಗೋಬಹುದು. 2017ರಿಂದ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದು ಸತತವಾಗಿ ಮೂರೇ ದಿನ ಅಂತ ಅಲ್ಲ, ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದ್ರೂ ಉಪಯೋಗಿಸಬಹುದು. ನನ್ನ ಮಾತು ಕೇಳಿ, ಮೂರು ದಿನದ್ದೇ ತಗೊಳ್ಳಿ. ಒಂದು ದಿನದಲ್ಲಿ ಮುಗಿಸ್ತೀನಿ ಅನ್ನೋರು ಮುಗಿಸ್ತಾರೆ, ಆದ್ರೆ ನೋಡಿರಲ್ಲ.

ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ, ವಯಸ್ಸು ತೋರಿಸೋಕೆ ಪಾಸ್‌ಪೋರ್ಟ್ ಜೊತೇಲಿರಲಿ. ಪ್ರತಿ ದೇವಸ್ಥಾನದಲ್ಲೂ ಟಿಕೆಟ್ ಚೆಕ್ ಮಾಡ್ತಾರೆ, ಕಳ್ಕೊಂಡ್ರೆ ಇನ್ನೊಂದು ಕೊಂಡ್ಕೋಬೇಕು, ಹಾಗಾಗಿ ಫೋನ್ ಕವರ್ ಹಿಂದೆ ಎಲ್ಲಾದ್ರೂ ಭದ್ರವಾಗಿಡಿ. ಸಂಜೆ ಐದರ ಹೊತ್ತಿಗೆ ಹೋಗಿ ಮರುದಿನದ ಟಿಕೆಟ್ ತಗೊಂಡ್ರೆ ಆವತ್ತಿನ ಸಂಜೆನೂ ಒಳಗೆ ಬಿಡ್ತಾರೆ. ಇದರಿಂದ ಬೆಳಗಿನ ಜಾವದ ಕ್ಯೂನೂ ತಪ್ಪತ್ತೆ.

ಬಟ್ಟೆ

ಭುಜ ಮುಚ್ಚಿರಬೇಕು, ಮೊಣಕಾಲು ಮುಚ್ಚಿರಬೇಕು, ಗಂಡಸರಿಗೂ ಅಷ್ಟೇ. ಸ್ಲೀವ್‌ಲೆಸ್ ಹಾಕ್ಕೊಂಡು ಮೇಲೆ ದುಪ್ಪಟ್ಟಾ ಹೊದ್ಕೊಂಡ್ರೆ ಆಗತ್ತೆ ಅನ್ಕೋಬೇಡಿ, ಮೇಲಿನ ಅಂತಸ್ತಿಗೆ ಹತ್ತೋ ಜಾಗದಲ್ಲಿ ವಾಪಸ್ ಕಳಿಸ್ತಾರೆ. ತೆಳು ಕಾಟನ್ ಕುರ್ತಾ ಪ್ಯಾಂಟ್ ಬೆಸ್ಟು. ಇದನ್ನ ಬರೀ ರೂಲ್ಸ್ ಅಂತ ನೋಡ್ಬೇಡಿ. ಅದು ಇವತ್ತಿಗೂ ಪೂಜೆ ನಡೆಯೋ ಜಾಗ, ಊರಿನೋರು ಊದುಬತ್ತಿ ಹಿಡ್ಕೊಂಡು ಬಂದು ಕೂತು ಕೈ ಮುಗೀತಾರೆ, ಭಿಕ್ಷುಗಳು ಓಡಾಡ್ತಿರ್ತಾರೆ. ಭಿಕ್ಷುಗಳ ಫೋಟೋ ತೆಗೆಯೋ ಮುಂಚೆ ಕೇಳಿ, ಹೆಂಗಸರು ಅವರನ್ನ ಮುಟ್ಟಬಾರದು, ಪಕ್ಕ ಒತ್ಕೊಂಡು ನಿಂತು ಸೆಲ್ಫಿ ಎಲ್ಲ ಬೇಡ.

ಬೆಳಗ್ಗೆ ಬಾಗಿಲಿಂದ ಒಳಗೆ

ಊರಲ್ಲಿ ಟುಕ್‌ಟುಕ್ ಸುಲಭವಾಗಿ ಸಿಗತ್ತೆ, ಗ್ರ್ಯಾಬ್ ಮತ್ತೆ ಪಾಸ್‌ಆಪ್ ಅನ್ನೋ ಆಪ್‌ಗಳೂ ನಡೀತವೆ. ಇಡೀ ದಿನಕ್ಕೆ ಮಾತಾಡ್ಕೊಂಡ್ರೆ 15ರಿಂದ 20 ಡಾಲರ್ ಆಸುಪಾಸು ಆಗತ್ತೆ, ಬೆಳಗಿನ ಜಾವ ಬರಬೇಕು ಅಂದ್ರೆ ಸ್ವಲ್ಪ ಜಾಸ್ತಿ. ಡ್ರೈವರ್‌ಗೆ ಹಿಂದಿನ ದಿನಾನೇ ಹೇಳಿಬಿಡಿ, ನಾನು ಅಂಕೋರ್ ವಾಟ್‌ನಲ್ಲೇ ಮಧ್ಯಾಹ್ನದವರೆಗೆ ಇರ್ತೀನಿ ಅಂತ, ಇಲ್ಲಾಂದ್ರೆ ಅವರು ಎರಡು ಗಂಟೆ ಲೆಕ್ಕ ಹಾಕಿ ಕಾಯ್ತಾ ಇರ್ತಾರೆ ಪಾಪ.

ಬೆಳಗ್ಗೆ ಐದಕ್ಕೆ ಬಿಡ್ತಾರೆ. ದೇವಸ್ಥಾನದ ಮುಖ ಪಶ್ಚಿಮಕ್ಕೆ, ಹಾಗಾಗಿ ಮುಂದೆ ನಿಂತೋರಿಗೆ ಸೂರ್ಯ ಗೋಪುರಗಳ ಹಿಂದಿನಿಂದ ಬರ್ತಾನೆ. ಒಳಗಿನ ದಾರಿಯ ಎಡಕ್ಕಿರೋ ಕೊಳದ ದಂಡೆಯಲ್ಲಿ ಜನ ಜಾತ್ರೆ ಥರ ಸೇರಿರ್ತಾರೆ. ನೋಡಬೇಕು ಅಂದ್ರೆ ನೋಡಿ, ಚೆನ್ನಾಗೇ ಇರತ್ತೆ, ಮಾರ್ಚ್ 21ರ ಸುಮಾರಿಗೆ ಹೋದ್ರಂತೂ ಸೂರ್ಯ ಸರಿಯಾಗಿ ನಡು ಗೋಪುರದ ತುದಿ ಮೇಲೆ ಏಳ್ತಾನೆ. ಆದ್ರೆ ಮುಖ್ಯ ವಿಷಯ ಏನಂದ್ರೆ ಸೂರ್ಯ ಮೇಲೆ ಬಂದ ತಕ್ಷಣ ಅರ್ಧಕ್ಕರ್ಧ ಜನ ತಿಂಡಿಗೆ ಅಂತ ಹೋಟೆಲ್‌ಗೆ ವಾಪಸ್ ಹೊರಡ್ತಾರೆ. ನೀವು ಬ್ಯಾಗಲ್ಲಿ ಬ್ರೆಡ್ಡು, ಬಾಳೆಹಣ್ಣು ಇಟ್ಕೊಂಡು ಹೋಗಿ, ಆ ಟೈಮಲ್ಲಿ ಒಳಗೆ ನುಗ್ಗಿ. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ ಗ್ಯಾಲರಿಯಲ್ಲಿ, ಅಂದ್ರೆ ಕೆತ್ತನೆ ಗೋಡೆಗಳಿರೋ ಉದ್ದದ ಮೊಗಸಾಲೆಯಲ್ಲಿ, ಸಿಗೋ ಸಮಾಧಾನ ಆಮೇಲೆ ಇಡೀ ದಿನ ಸಿಗಲ್ಲ.

ಒಳಗೆ ಹೋಗುವಾಗ ಪಶ್ಚಿಮದ ಹೊರಬಾಗಿಲ ಗೋಪುರದಲ್ಲೇ ಒಂದು ನಿಮಿಷ ನಿಲ್ಲಿ, ಎಲ್ಲರೂ ನಡುವಿನ ಬಾಗಿಲಿಂದ ಸೀದಾ ಹೋಗಿಬಿಡ್ತಾರೆ. ಬಲಕ್ಕೆ ಹೋದ್ರೆ ಎಂಟು ಕೈಯ ವಿಷ್ಣು ನಿಂತಿದಾನೆ, ಆಳೆತ್ತರಕ್ಕಿಂತ ಬಹಳ ದೊಡ್ಡ ಮೂರ್ತಿ. ಊರಿನೋರು ತಾ ರೀಚ್ ಅಂತ ಕರೀತಾರೆ. ಮೈಮೇಲೆ ಹಳದಿ, ಕೇಸರಿ ರೇಷ್ಮೆ ಬಟ್ಟೆ ಉಡಿಸಿರ್ತಾರೆ, ಕಾಲ ಬುಡದಲ್ಲಿ ಊದುಬತ್ತಿ ಚುಚ್ಚೋ ಮರಳಿನ ಪಾತ್ರೆ, ತಾವರೆ ಮೊಗ್ಗು, ಹಣ್ಣು. ಬೌದ್ಧರ ದೇಶದಲ್ಲಿ ಅವರದ್ದೇ ಕ್ರಮದಲ್ಲಿ ಪೂಜೆ ಆಗೋ ವಿಷ್ಣು. ಕೈ ಮುಗಿಯೋಕೆ ಯಾರದ್ದೂ ಅಡ್ಡಿ ಇಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳ್ಬೇಕು. ಈ ದೇವಸ್ಥಾನ ಕಟ್ಟಿಸಿದ್ದು 1113ರಲ್ಲಿ ಪಟ್ಟಕ್ಕೆ ಬಂದ ಎರಡನೇ ಸೂರ್ಯವರ್ಮ, ವಿಷ್ಣುವಿಗೆ ಅಂತ. ನಮ್ಮಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಂದ್ರೆ ಎರಡು ಕಡೆನೂ ಒಂದೇ ಕಾಲದಲ್ಲಿ ಉಳಿ ಸದ್ದು ಕೇಳ್ತಿತ್ತು, ಇದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ರೋಮಾಂಚನ ಆಗತ್ತೆ. ಬೇಲೂರಲ್ಲಿ ಬಳಪದ ಕಲ್ಲು, ಅದಕ್ಕೇ ಅಷ್ಟು ಆಳವಾದ ಸೂಕ್ಷ್ಮ ಕೆತ್ತನೆ. ಇಲ್ಲಿ ಮರಳುಗಲ್ಲು, ಕುಲೆನ್ ಬೆಟ್ಟದ ಕಡೆಯಿಂದ ತಂದಿದ್ದು, ಕೆತ್ತನೆ ತೆಳ್ಳಗೆ ಗೋಡೆ ಉದ್ದಕ್ಕೂ ಹರಡಿದೆ, ಆಳಕ್ಕಿಂತ ಉದ್ದ ಮುಖ್ಯ. ಆಮೇಲೆ ಇದು ಬೌದ್ಧರ ಸ್ಥಾನ ಆಯ್ತು, ಯಾವತ್ತೂ ಪೂರ್ತಿ ಪಾಳು ಬೀಳಲಿಲ್ಲ, ಕಾಡಲ್ಲಿ ಕಳೆದುಹೋಗಿದ್ದನ್ನ ಫ್ರೆಂಚರು ಹುಡುಕಿದ್ರು ಅನ್ನೋ ಮಾತು ಬಿಡಿ. 1632ರಲ್ಲೇ ಜಪಾನಿನ ಯಾತ್ರಿಕನೊಬ್ಬ ಬಂದು ಒಳಗಿನ ಕಂಬದ ಮೇಲೆ ಶಾಯಿಯಲ್ಲಿ ಬರೆದು ಹೋಗಿದಾನೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯೋರೂ 1986ರಿಂದ 1993ರವರೆಗೆ ಇಲ್ಲಿ ರಿಪೇರಿ ಕೆಲಸ ಮಾಡಿದಾರೆ, ಆ ದೇಶ ಇನ್ನೂ ಕಷ್ಟದಲ್ಲಿದ್ದಾಗ.

ಈಗ ಮುಖ್ಯ ವಿಷಯ: ಬಲಕ್ಕೆ ತಿರುಗಿ

ಉದ್ದದ ಕಲ್ಲುಹಾಸಿನ ದಾರಿ ಮುಗಿಸಿ ದೇವಸ್ಥಾನದ ಮೊದಲ ಗ್ಯಾಲರಿಗೆ ಹತ್ತಿದ ತಕ್ಷಣ ನಮ್ಮ ಕಾಲು ತಾನಾಗೇ ಎಡಕ್ಕೆ ಹೋಗತ್ತೆ, ದೇವರು ಬಲಕ್ಕಿರೋ ಹಾಗೆ ಪ್ರದಕ್ಷಿಣೆ ಹಾಕೋದು ನಮ್ಮ ಅಭ್ಯಾಸ. ಇಲ್ಲಿ ಹಂಗೆ ಮಾಡ್ಬೇಡಿ. ಇಲ್ಲಿಯ ಶಿಲ್ಪಗಳ ಕ್ರಮ ಇರೋದು ಅಪ್ರದಕ್ಷಿಣವಾಗಿ, ಅಂದ್ರೆ ಬಲಕ್ಕೆ ತಿರುಗಿ ದೇವಸ್ಥಾನ ನಿಮ್ಮ ಎಡಕ್ಕಿರೋ ಹಾಗೆ ಸುತ್ತಬೇಕು. ಅಪ್ರದಕ್ಷಿಣೆ ಯಾವಾಗ ಮಾಡ್ತೀವಿ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಈ ಕ್ರಮ, ಜೊತೆಗೆ ಪಶ್ಚಿಮದ ಮುಖ, ಇವೆರಡನ್ನೂ ನೋಡಿ ಇದು ರಾಜನ ಅಂತ್ಯಕ್ಕೆ ಸಂಬಂಧಪಟ್ಟ ದೇವಸ್ಥಾನ ಇರಬೇಕು ಅಂತ ಹಲವು ವಿದ್ವಾಂಸರು ಹೇಳಿದಾರೆ. ಪಶ್ಚಿಮ ವಿಷ್ಣುವಿನ ದಿಕ್ಕು, ಅದಕ್ಕೇ ಹಾಗೆ ಅನ್ನೋರೂ ಇದಾರೆ. ಸುತ್ತು ಒಟ್ಟು ಸುಮಾರು 800 ಮೀಟರ್, ನಿಧಾನಕ್ಕೆ ಮೂರು ಗಂಟೆ ಇಟ್ಕೊಳ್ಳಿ.

ಬಲಕ್ಕೆ ತಿರುಗಿದ ಕೂಡಲೇ ಕುರುಕ್ಷೇತ್ರ. ಎಡಗಡೆಯಿಂದ ಕೌರವರು ಬರ್ತಾರೆ, ಬಲಗಡೆಯಿಂದ ಪಾಂಡವರು, ಶುರುವಿನಲ್ಲಿ ಕಾಲಾಳುಗಳು ಶಿಸ್ತಾಗಿ ಸಾಲಲ್ಲಿ ನಡೀತಿರ್ತಾರೆ, ನಡುವಿಗೆ ಬರ್ತಾ ಬರ್ತಾ ಸಾಲು ಕೆಟ್ಟು ಒಬ್ಬರ ಮೇಲೊಬ್ಬರು ಬಿದ್ದು ಕುದುರೆ ರಥ ಆನೆ ಎಲ್ಲ ಕಲಸಿಹೋಗತ್ತೆ. ಭೀಷ್ಮನನ್ನ ನೀವೇ ಹುಡುಕಿ, ಎಡಗಡೆ ಭಾಗದಲ್ಲಿ ಮೇಲುಗಡೆ ಇದಾನೆ, ಬಾಣಗಳ ಮೇಲೆ ಮಲಗಿದಾನೆ, ಸುತ್ತ ಜನ ನಿಂತಿದಾರೆ. ನಾಲ್ಕು ಕೈಯ ಸಾರಥಿ ಕಂಡ್ರೆ ಅದು ಕೃಷ್ಣ, ಹಿಂದೆ ಇರೋನು ಅರ್ಜುನ. ಕಲ್ಲು ಕೆಲವು ಕಡೆ ಕರ್ರಗೆ ಎಣ್ಣೆ ಹಚ್ಚಿದ ಹಾಗೆ ಮಿಂಚತ್ತೆ, ಎಷ್ಟೋ ಕಾಲ ಜನ ಕೈ ಸವರಿ ಸವರಿ ಹಂಗಾಗಿದ್ದು ಅದು, ನೀವು ಮಾತ್ರ ಮುಟ್ಟಬೇಡಿ.

ಮೂಲೆಗೆ ಬಂದಾಗ ಮುಂದೆ ಓಡಿಬಿಡಬೇಡಿ, ಮೂಲೆಯ ಆ ಸಣ್ಣ ಮಂಟಪದಲ್ಲಿ ಕತ್ತಲೆ ಇರತ್ತೆ ಅಂತ ಎಲ್ಲರೂ ದಾಟಿ ಹೋಗ್ತಾರೆ. ಒಳಗೆ ವಾಲಿ ಸುಗ್ರೀವರ ಕಾಳಗ, ಗೋವರ್ಧನ ಎತ್ತಿದ ಕೃಷ್ಣ, ಕೈಲಾಸ ಅಲ್ಲಾಡಿಸ್ತಿರೋ ರಾವಣ ಎಲ್ಲ ಇದೆ. ಮೊಬೈಲ್ ಫ್ಲ್ಯಾಶ್ ಹಾಕೋದಕ್ಕಿಂತ ಎರಡು ನಿಮಿಷ ಸುಮ್ಮನೆ ನಿಂತ್ರೆ ಕಣ್ಣು ಹೊಂದ್ಕೊಳ್ಳತ್ತೆ.

ದಕ್ಷಿಣದ ಗ್ಯಾಲರಿಯ ಮೊದಲ ಅರ್ಧ ಸೂರ್ಯವರ್ಮನ ಸ್ವಂತ ಮೆರವಣಿಗೆ, ಎಲ್ಲಿ ಕೊಡೆಗಳು ಗುಂಪಾಗಿ ಕಾಣತ್ತೋ ಅಲ್ಲಿ ರಾಜ ಇದಾನೆ ಅಂತ ಲೆಕ್ಕ. ಎರಡನೇ ಅರ್ಧ ಸ್ವರ್ಗ ನರಕ, ಮೇಲಿನ ಸಾಲಲ್ಲಿ ಸ್ವರ್ಗ, ಕೆಳಗೆ ನರಕ, ನಡುವೆ ಕೋಣದ ಮೇಲೆ ಕೂತ ಯಮ, ಪಕ್ಕದಲ್ಲಿ ಚಿತ್ರಗುಪ್ತ. ಸ್ವರ್ಗ ಒಂದೇ ಥರ, ಎಲ್ಲರೂ ಕೂತಿರ್ತಾರೆ ಅಷ್ಟೇ, ನರಕದಲ್ಲಿ ಮಾತ್ರ ಶಿಲ್ಪಿ ಒಂದೊಂದು ಶಿಕ್ಷೆಯನ್ನೂ ಬಿಡಿಬಿಡಿಯಾಗಿ ತೋರಿಸಿದಾನೆ. ಮಕ್ಕಳು ಇಲ್ಲಿಂದ ಕದಲೋದೇ ಇಲ್ಲ.

ಪೂರ್ವಕ್ಕೆ ತಿರುಗಿದ್ರೆ ಸಮುದ್ರ ಮಥನ. ಹತ್ತಿರ ಹತ್ತಿರ 49 ಮೀಟರ್ ಉದ್ದದ ಒಂದೇ ದೃಶ್ಯ. ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು, ವಾಸುಕಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ, ನಡುವೆ ವಿಷ್ಣು, ಅವನ ಕಾಲ ಕೆಳಗೆ ಆಮೆ. ದೇವತೆಗಳ ಕಡೆ ಬಾಲದ ತುದಿ ಹಿಡಿದಿರೋದು ಒಬ್ಬ ಕಪಿ, ಹನುಮಂತ ಅಂತಾರೆ ಅಲ್ಲಿ. ನಮ್ಮ ಕಥೆಯಲ್ಲಿ ಸಮುದ್ರ ಮಥನಕ್ಕೆ ಹನುಮಂತ ಬರಲ್ಲ, ಅಲ್ಲಿಯೋರ ಕಥೆಯಲ್ಲಿ ಬಂದಿದಾನೆ, ತಪ್ಪು ಅಂತ ಗೈಡ್ ಜೊತೆ ವಾದ ಮಾಡ್ಬೇಡಿ. ಆಮೇಲೆ ದಯವಿಟ್ಟು ಕೆಳಗಿನ ಪಟ್ಟಿಗೆ ಬಗ್ಗಿ ನೋಡಿ. ಸಮುದ್ರದ ಮೀನು, ಮೊಸಳೆ ಎಲ್ಲ ಇವೆ. ದೂರದಲ್ಲಿರೋವು ಆರಾಮಾಗಿ ಈಜ್ತಿವೆ, ಕಡಗೋಲಿನ ಹತ್ತಿರ ಬರ್ತಾ ಬರ್ತಾ ನೀರಿನ ರಭಸಕ್ಕೆ ಸಿಕ್ಕು ತುಂಡಾಗಿವೆ, ತಲೆ ಒಂದು ಕಡೆ ಬಾಲ ಒಂದು ಕಡೆ. ಹಗ್ಗ ಎಳೆಯೋರ ಮುಖದಲ್ಲಿ ಕಾಣದ ಮಥನದ ವೇಗ ಎಲ್ಲ ಆ ಮೀನುಗಳಲ್ಲಿ ಕಾಣತ್ತೆ. ಇದು ಪೂರ್ವದ ಗೋಡೆ ಆದ್ದರಿಂದ ಬೆಳಗಿನ ಬೆಳಕು ಕಂಬಗಳ ಸಂದಿಯಿಂದ ಓರೆಯಾಗಿ ಬಿದ್ದು ಕೆತ್ತನೆ ಎದ್ದು ಕಾಣತ್ತೆ, ಬೇಗ ಒಳಗೆ ಹೋಗಿ ಅಂತ ಹೇಳಿದ್ದು ಮುಖ್ಯವಾಗಿ ಇದಕ್ಕೇ.

ಅಲ್ಲಿಂದ ಮುಂದೆ ಪೂರ್ವದ ಉಳಿದರ್ಧ ಮತ್ತೆ ಉತ್ತರದ ಮೊದಲರ್ಧ 16ನೇ ಶತಮಾನದಲ್ಲಿ ಕೆತ್ತಿದ್ದು, ಕೈಚಳಕ ಆ ಮಟ್ಟಕ್ಕಿಲ್ಲ, ಬಾಣಾಸುರನ ಕಥೆ ಗುರುತಿಸ್ಕೊಂಡು ನಡೀತಾ ಹೋಗಿ. ಶಕ್ತಿ ಉಳಿಸ್ಕೊಂಡು ಕೊನೆಗೆ ಪಶ್ಚಿಮದ ಉತ್ತರಾರ್ಧಕ್ಕೆ ಬನ್ನಿ, ಲಂಕಾ ಯುದ್ಧ ಇದೆ. ಹನುಮಂತನ ಹೆಗಲ ಮೇಲೆ ನಿಂತ ರಾಮ, ಪಕ್ಕದಲ್ಲಿ ಲಕ್ಷ್ಮಣ, ವಿಭೀಷಣ, ಎದುರಿಗೆ ಹತ್ತು ತಲೆ ಇಪ್ಪತ್ತು ಕೈಯ ರಾವಣ. ಕಪಿಗಳು ರಾಕ್ಷಸರನ್ನ ಕಚ್ಚೋದು, ಕಾಲು ಹಿಡಿದು ಎಳೆಯೋದು, ಅದೊಂದು ಗದ್ದಲ. ಪಶ್ಚಿಮದ ಎರಡೂ ಗೋಡೆಗಳಿಗೆ ಮಧ್ಯಾಹ್ನ ಮೂರರ ಮೇಲೆ ಬೆಳಕು ಚೆನ್ನಾಗಿ ಬೀಳತ್ತೆ, ಮೂರು ದಿನದ ಟಿಕೆಟ್ ಇದ್ರೆ ಇನ್ನೊಂದು ದಿನ ಸಂಜೆ ಬಂದು ಇವೆರಡನ್ನ ಮಾತ್ರ ಮತ್ತೆ ನೋಡಿ.

ಮೇಲಿನ ಅಂತಸ್ತು

ಮೇಲಿನ ಭಾಗಕ್ಕೆ ಬಕಾನ್ ಅಂತಾರೆ. ಹಳೇ ಕಲ್ಲಿನ ಮೆಟ್ಟಿಲು ಗೋಡೆ ಹತ್ತಿದಷ್ಟೇ ಕಡಿದಾಗಿವೆ, ಈಗ ಅದರ ಮೇಲೆ ಮರದ ಮೆಟ್ಟಿಲು, ಕಂಬಿ ಹಾಕಿದಾರೆ. ಆದ್ರೂ ಕಡಿದೇ. ಮಂಡಿ ನೋವು, ಹೃದಯದ ತೊಂದರೆ, ತಲೆಸುತ್ತು ಇರೋರು, ಗರ್ಭಿಣಿಯರು ಹತ್ತಬೇಡಿ, ನಮ್ಮ ಅಪ್ಪ ಅಮ್ಮನ ವಯಸ್ಸಿನೋರನ್ನ ಒತ್ತಾಯ ಮಾಡಿ ಹತ್ತಿಸಬೇಡಿ, ಅವರಿಗೆ ಕೆಳಗೆ ನೋಡೋಕೆ ಬೇಕಾದಷ್ಟಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನ ಬಿಡಲ್ಲ, ಗಂಡ ಹೆಂಡತಿ ಸರದಿ ಮೇಲೆ ಹತ್ತಬೇಕಾಗತ್ತೆ. ಒಂದು ಸಲಕ್ಕೆ ಇಷ್ಟೇ ಜನ ಅಂತ ಲೆಕ್ಕ ಇರತ್ತೆ, ಹಾಗಾಗಿ ಕ್ಯೂ. ಬೌದ್ಧರ ಪುಣ್ಯದಿನಗಳಲ್ಲಿ, ತಿಂಗಳಲ್ಲಿ ನಾಲ್ಕು ದಿನದಷ್ಟು, ಮೇಲೆ ಬಂದ್ ಇರತ್ತೆ, ಹುಣ್ಣಿಮೆ ಅಮಾವಾಸ್ಯೆ ಅದರಲ್ಲಿ ಸೇರತ್ತೆ, ಕ್ಯಾಲೆಂಡರ್ ನೋಡ್ಕೊಂಡು ಹೋಗಿ. ಮೇಲೆ ಹೋದ್ರೆ ನಡು ಗೋಪುರದ ನಾಲ್ಕು ಕಡೆ ಬುದ್ಧ ಇದಾನೆ, ಕಿಟಕಿಯಿಂದ ನೋಡಿದ್ರೆ ನೀವು ನಡೆದು ಬಂದ ದಾರಿ, ಕಂದಕದ ನೀರು, ಆಚೆ ಕಾಡು. ಕಂದಕವೇ 190 ಮೀಟರ್ ಅಗಲ ಅನ್ನೋದು ಇಲ್ಲಿಂದ ನೋಡಿದಾಗ ನಂಬಿಕೆ ಆಗತ್ತೆ.

ಊಟದ ವಿಷಯ

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕ್ತಾರೆ, ಪ್ರಹೋಕ್ ಅಂತ ಹುದುಗಿಸಿದ ಮೀನಿನ ಪೇಸ್ಟ್ ಬಹಳ ಅಡುಗೆಗೆ ಹೋಗತ್ತೆ. ವೆಜ್ ಅಂದ್ರೆ ಮಾಂಸದ ಪೀಸ್ ತೆಗೆದು ಕೊಡ್ತಾರೆ ಅಷ್ಟೇ. ಮೀನಿನ ಸಾಸ್ ಬೇಡ, ಸೋಯಾ ಸಾಸ್ ಹಾಕಿ ಅಂತ ಫೋನ್‌ನಲ್ಲಿ ಖಮೇರ್ ಭಾಷೆಗೆ ಟ್ರಾನ್ಸ್‌ಲೇಟ್ ಮಾಡಿ ತೋರಿಸಿ. ಊರೊಳಗೆ ಇಂಡಿಯನ್ ಹೋಟೆಲ್‌ಗಳು, ಪ್ಯೂರ್ ವೆಜ್ ಹೋಟೆಲ್‌ಗಳು ಸಿಗ್ತವೆ, ದೇವಸ್ಥಾನದ ಹತ್ತಿರ ಆಯ್ಕೆ ಕಮ್ಮಿ. ನೀರು ಒಬ್ಬರಿಗೆ ಎರಡು ಲೀಟರ್ ಇಟ್ಕೊಳ್ಳಿ, ಸೊಳ್ಳೆಗೆ ಓಡೋಮಸ್ ಮರೀಬೇಡಿ. ಚಿಕ್ಕ ಮಕ್ಕಳು ಪೋಸ್ಟ್‌ಕಾರ್ಡ್, ಬಳೆ ಮಾರೋಕೆ ಬರ್ತಾರೆ, ಕರುಳು ಚುರ್ ಅನ್ನತ್ತೆ, ಆದ್ರೂ ಅವರಿಂದ ಕೊಳ್ಳಬೇಡಿ, ಮಾರಾಟ ಆದಷ್ಟೂ ಅವರನ್ನ ಸ್ಕೂಲಿಗೆ ಕಳಿಸೋದು ಕಮ್ಮಿಯಾಗತ್ತೆ. ಟಿಕೆಟ್‌ನಲ್ಲಿ ಎರಡು ಡಾಲರ್ ಅಲ್ಲಿಯ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಗೆ ಹೋಗತ್ತೆ.

ಉಳಿದ ದಿನಗಳು

ಬಾಯೋನ್‌ನ ಕಲ್ಲಿನ ಮುಖಗಳು, ಮರದ ಬೇರು ಗೋಡೆ ನುಂಗಿರೋ ತಾ ಪ್ರೋಮ್, ಇವೆರಡನ್ನೂ ಪ್ರತಿ ಡ್ರೈವರೂ ತೋರಿಸ್ತಾನೆ, ನಾನು ಹೇಳೋದು ಬೇಕಿಲ್ಲ. ನೀವೇ ಕೇಳಿ ಹೋಗಬೇಕಾಗಿರೋದು ಬಂತೆಯ್ ಸ್ರೇ. ಊರಿಂದ 35 ಕಿಲೋಮೀಟರ್ ಆಸುಪಾಸು, ಕ್ರಿ.ಶ. 967ರ ಶಿವನ ಗುಡಿ, ಸಣ್ಣದು, ಕೆಂಪು ಗುಲಾಬಿ ಬಣ್ಣದ ಕಲ್ಲು. ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಕಾಂಬೋಡಿಯಾದಲ್ಲಿ ಹತ್ತಿರ ಅನ್ನಿಸೋದು ಇದೇ, ಅಷ್ಟು ಆಳದ ಕುಸುರಿ ಕೆಲಸ.

ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದ್ರೆ ಕ್ಬಾಲ್ ಸ್ಪಿಯನ್. ಇಲ್ಲಿ ಹೊಳೆಯ ಹಾಸುಬಂಡೆ ಮೇಲೇ ಸಾಲು ಸಾಲು ಲಿಂಗ, ಶೇಷಶಾಯಿ ವಿಷ್ಣು ಕೆತ್ತಿದಾರೆ, ಮೇಲೆ ನೀರು ಹರೀತಿರತ್ತೆ. ಶಿರಸಿ ಹತ್ತಿರ ಶಾಲ್ಮಲೆಯ ಸಹಸ್ರಲಿಂಗ ನೋಡಿದೋರಿಗಂತೂ ಇದನ್ನ ಬಿಟ್ಟು ಬರೋಕೆ ಮನಸ್ಸಾಗಲ್ಲ. ಕಾಡಿನೊಳಗೆ ಒಂದೂವರೆ ಕಿಲೋಮೀಟರ್ ಹತ್ತಬೇಕು, ಶೂ ಹಾಕ್ಕೊಳ್ಳಿ, ಕಾಲುದಾರಿ ಬಿಟ್ಟು ಪಕ್ಕಕ್ಕೆ ಹೋಗ್ಬೇಡಿ, ಆ ದೇಶದ ದೂರದ ಕಾಡುಗಳಲ್ಲಿ ಯುದ್ಧಕಾಲದ ನೆಲಬಾಂಬ್‌ಗಳ ಭಯ ಪೂರ್ತಿ ಹೋಗಿಲ್ಲ. ಮಳೆ ಜೋರಿದ್ದಾಗ ನೀರು ತುಂಬಿ ಕೆತ್ತನೆ ಕಾಣಲ್ಲ, ನವೆಂಬರ್ ಡಿಸೆಂಬರ್‌ನಲ್ಲಿ ನೀರೂ ಇರತ್ತೆ ಲಿಂಗಗಳೂ ಕಾಣ್ತವೆ. ಮಧ್ಯಾಹ್ನ ಮೂರಕ್ಕೆಲ್ಲ ಒಳಗೆ ಬಿಡೋದು ನಿಲ್ಲಿಸ್ತಾರೆ, ಹಾಗಾಗಿ ಬೆಳಗ್ಗೆ ಮೊದಲು ಸೀದಾ ಇಲ್ಲಿಗೆ ಬಂದುಬಿಡಿ, ಬಂತೆಯ್ ಸ್ರೇ ವಾಪಸ್ ಬರ್ತಾ ನೋಡ್ಕೊಳ್ಳಿ. ಎರಡಕ್ಕೂ ಅದೇ ಅಂಕೋರ್ ಟಿಕೆಟ್ ನಡೆಯತ್ತೆ, ಟುಕ್‌ಟುಕ್‌ಗೆ ಮಾತ್ರ ದೂರದ ಲೆಕ್ಕದಲ್ಲಿ ಬೇರೆ ರೇಟು ಮಾತಾಡ್ಕೋಬೇಕು.